ಮಾರನೇ ದಿನದ ತಲೆ

ಪಾರ್ಲರಿನ ಮೂರನೇ ಕುರ್ಚಿ ಖಾಲಿಯಾಗಿ ಹದಿನೆಂಟು ದಿನವಾಗಿತ್ತು. ಅದರ ಹಿಂದೆ ನಿಂತು ಕತ್ತರಿ ಹಿಡಿಯುತ್ತಿದ್ದವಳು ಕೆಲಸ ಬಿಟ್ಟು ಬೇರೆ ಊರಿಗೆ ಹೋಗಿದ್ದಳು. ಒಳಗಿನ ಬೇಸಿನ್ನಿನ ಬಳಿ ಎರಡು ವರ್ಷದಿಂದ ಕಂಡೋರ ತಲೆ ತೊಳೆಯುತ್ತಿದ್ದ ದೊಡ್ಡವಳಿಗೆ ಆ ಕುರ್ಚಿಯ ಮೇಲೆ ಕಣ್ಣು. ಕುರ್ಚಿಗೂ ಒಂದು ರೋಗವಿತ್ತು. ಕೂತವರ ಭಾರಕ್ಕೆ ಅದು ಮೆಲ್ಲಗೆ ಕೆಳಗಿಳಿಯುತ್ತಿತ್ತು, ಹತ್ತು ನಿಮಿಷಕ್ಕೊಮ್ಮೆ ಕಾಲಿನಿಂದ ಪೆಡಲ್ ಒತ್ತಿ ಏರಿಸಬೇಕಿತ್ತು. ಇಳಿಯಲಿ, ನೆಲಕ್ಕೇ ಇಳಿಯಲಿ, ಮಂಡಿಯೂರಿ ಕತ್ತರಿಸಿದರಾಯಿತು ಎಂದುಕೊಂಡಿದ್ದಳು ದೊಡ್ಡವಳು.

ದೊಡ್ಡವಳು ಎಂದರೆ ಇಬ್ಬರು ಹೆಣ್ಣುಮಕ್ಕಳಲ್ಲಿ ದೊಡ್ಡವಳು. ಮನೆಯಲ್ಲಿ ಹಾಗೆ ಕರೆಯುತ್ತಿದ್ದರು. ಪಾರ್ಲರಿಗೂ ಆ ಹೆಸರು ಅವಳ ಹಿಂದೆಯೇ ನಡೆದುಕೊಂಡು ಬಂದಿತ್ತು.

ಶನಿವಾರ ಬಾಗಿಲು ಹಾಕುವ ಹೊತ್ತಿಗೆ ಮೇಡಂ ಅವಳನ್ನು ಕರೆದರು. ಪಾರ್ಲರ್ ಅವರದ್ದು. ಮಾತು ಕಡಿಮೆ, ಆಡಿದರೆ ಕತ್ತರಿಯ ಹಾಗೆ.

"ಗುಂಗುರು ಕೂದಲಿನವರು ಬಂದ್ರೆ ನಾವೇನ್ ಮಾಡ್ತೀವಿ?"

"ನೇರ ಮಾಡಿ ಕಳಿಸ್ತೀವಿ, ಮೇಡಂ."

"ನೇರ ಬೇಡ ಅಂದ್ರೆ?"

"ತುದಿ ಕತ್ತರಿಸಿ ಕಳಿಸ್ತೀವಿ."

"ಹೋದ ತಿಂಗಳು ಆರು ಜನ ಬಾಗಿಲ ತನಕ ಬಂದು ವಾಪಸ್ ಹೋದ್ರು. ಆ ಕುರ್ಚಿಗೆ ಬರೋಳಿಗೆ ಆ ಕೂದಲು ಗೊತ್ತಿರಬೇಕು. ಹೊರಗಿನ ಒಬ್ಬಳನ್ನ ಬುಧವಾರ ಮಧ್ಯಾಹ್ನ ಬಾ ಅಂದಿದೀನಿ. ಅಷ್ಟರೊಳಗೆ ನೀನೊಂದು ತಲೆ ಮಾಡಿ ತೋರಿಸು. ಸೋಮವಾರ ರಜೆ, ಅವತ್ತು ಮಾಡು. ಮಂಗಳವಾರ ನೋಡ್ತೀನಿ."

ಮೇಡಂ ಅವರ ಪದ್ಧತಿಯೇ ಅದು. ಯಾರ ಕೆಲಸವನ್ನೂ ಮಾಡಿದ ದಿನ ನೋಡುತ್ತಿರಲಿಲ್ಲ. ಕುರ್ಚಿಯಿಂದ ಎದ್ದಾಗ ಎಲ್ಲರ ತಲೆಯೂ ಚೆಂದವೇ. ಮಲಗಿ ಎದ್ದ ಮೇಲೆ ಏನು ಉಳಿಯುತ್ತದೋ ಅದೇ ಕೆಲಸ ಅನ್ನುತ್ತಿದ್ದರು.

"ತಲೆ ಯಾರದ್ದು ತರ್ತೀಯ?"

"ನಮ್ಮ ಮನೇಲೇ ಒಂದಿದೆ, ಮೇಡಂ."

ಕೂದಲಿಗೆ ಬಣ್ಣ ಹಾಕುವವಳು ಬಟ್ಟಲು ತೊಳೆಯುತ್ತಾ ಕೇಳಿಸಿಕೊಂಡಳು. "ಮನೇಲೇ ಇದ್ಯಂತೆ ತಲೆ! ಇಷ್ಟು ದಿನ ಬಿಟ್ಟು ಬರ್ತಿದ್ಯಾ ಮತ್ತೆ?" ಎಂದು ನಕ್ಕಳು. ದೊಡ್ಡವಳು ನಗಲಿಲ್ಲ. ಅವಳ ಲೆಕ್ಕವಾಗಲೇ ತಂಗಿಯ, ಅಂದರೆ ಚಿಕ್ಕವಳ, ನೆತ್ತಿಯ ಮೇಲೆ ಓಡುತ್ತಿತ್ತು.

ಇಬ್ಬರಿಗೂ ಅಪ್ಪನ ಕಡೆಯ ಕೂದಲು. ಬಾಲ್‌ಪೆನ್ನಿನೊಳಗಿನ ಸ್ಪ್ರಿಂಗಿನಷ್ಟು ಸಣ್ಣ ಸುರುಳಿ. ದೊಡ್ಡವಳು ಪಾರ್ಲರಿಗೆ ಸೇರಿದ ವಾರವೇ ತನ್ನದನ್ನು ಕಿವಿಯ ಮೇಲಕ್ಕೆ ಕತ್ತರಿಸಿಕೊಂಡು ಪೀಡೆ ಕಳೆದುಕೊಂಡಿದ್ದಳು. ಚಿಕ್ಕವಳದ್ದು ಭುಜದ ತನಕ ಇತ್ತು, ಎಳೆದು ಬಿಟ್ಟರೆ ಟಣ್ಣೆಂದು ಕಿವಿಗೆ ಹೋಗಿ ನಿಲ್ಲುತ್ತಿತ್ತು. ಅಮ್ಮನ ಕೂದಲು ಮಾತ್ರ ನೀರು ಸುರಿದ ಹಾಗೆ ನೇರ. "ನಿಮ್ಮಪ್ಪ ನಿಮಗೆ ಕೊಟ್ಟ ಆಸ್ತಿ ಇದೊಂದೇ. ತನಗೆ ಅಂತ ನಾಲ್ಕು ಎಳೇನೂ ಇಟ್ಕೊಳ್ಳಲಿಲ್ಲ, ಧರ್ಮಾತ್ಮ," ಎಂದು ಅಮ್ಮ ಹೇಳುವುದಿತ್ತು. ಅಪ್ಪನ ತಲೆಯಲ್ಲಿ ಈಗ ಕಿವಿಯಿಂದ ಕಿವಿಗೆ ಹಿಂದಿನಿಂದ ಒಂದು ಅಂಚು ಮಾತ್ರ, ಮಿಕ್ಕಿದ್ದು ಬಯಲು.

ಭಾನುವಾರ ಒಪ್ಪಂದವಾಯಿತು.

"ಒಂದು ತಿಂಗಳು ನನ್ನ ಸರದಿ ಪಾತ್ರೇನೂ ನೀನೇ ತೊಳೀಬೇಕು," ಎಂದಳು ಚಿಕ್ಕವಳು. ಕಾಲೇಜಿನ ಕೊನೆಯ ವರ್ಷ. ಪರೀಕ್ಷೆ ಹತ್ತಿರವಿತ್ತು, ಕೈಯಿಂದ ನೋಟ್ಸ್ ಇಳಿಯುತ್ತಿರಲಿಲ್ಲ.

"ಹದಿನೈದು ದಿನ."

"ತಲೆ ಯಾರದ್ದು?"

"ಸರಿ ಕಣೇ, ತಿಂಗಳು. ರಕ್ತ ಹೀರು."

"ಅಮ್ಮಂಗೆ ಹೇಳಿದ್ಯಾ?"

"ಯಾಕೆ? ಅವಳಿಗೇನು ಗೊತ್ತಾಗತ್ತೆ ಇದರಲ್ಲಿ."

ಹೇಳದಿರಲು ಕಾರಣವಿತ್ತು. ಅಮ್ಮ ಎರಡು ಬೀದಿಯಾಚೆಯ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವಳು. ದಿನಕ್ಕೆ ಎಂಬತ್ತು ಅಂಗಿ. ಸುಕ್ಕು ಕಂಡರೆ ಅವಳ ಕೈ ಸುಮ್ಮನಿರುತ್ತಿರಲಿಲ್ಲ. ನೆಂಟರ ಮನೆಗೆ ಹೋದರೂ ಅವರ ಹಾಸಿಗೆಯ ಹೊದಿಕೆಯನ್ನು ಅಂಗೈಯಿಂದ ತೀಡಿ ಬರುವ ಹೆಂಗಸು. ಮಕ್ಕಳ ತಲೆ ಅವಳ ಪಾಲಿಗೆ ಎಂದೂ ಮುಗಿಯದ ಇಸ್ತ್ರಿ. ಒಣಗಿದ ಗುಂಗುರಿಗೆ ಸಣ್ಣ ಹಲ್ಲಿನ ಬಾಚಣಿಗೆ ಹಾಕಿ ಎಳೆದರೆ ಆಗುವುದು ಒಂದೇ, ಎಳೆಯೆಲ್ಲ ಬಿಡಿಬಿಡಿಯಾಗಿ ಹೊಗೆಯ ಹಾಗೆ ಏಳುವುದು. ಅದನ್ನು ಬಿಗಿದು ಎರಡು ಜಡೆ ಹಾಕುವುದು. ಬಾಚಣಿಗೆಯ ಹಲ್ಲು ಮುರಿದು ಕೂದಲಲ್ಲೇ ಉಳಿದು, ತರಗತಿಯಲ್ಲಿ ಹಿಂದಿನ ಬೆಂಚಿನವರು ಎಣಿಸಿದ ದಿನಗಳೂ ಇದ್ದವು.

ದೊಡ್ಡವಳು ಎರಡು ತಿಂಗಳಿಂದ ಫೋನಿನಲ್ಲಿ ನೋಡಿ, ತನ್ನ ಮೋಟುಗೂದಲಲ್ಲೇ ಒಂದೆರಡು ಸಲ ಮಾಡಿ, ಕೆಡಿಸಿ ಕಲಿತಿದ್ದು ಇಷ್ಟು: ಗುಂಗುರಿನ ಎಳೆಗಳು ಒಂದೊಂದೇ ತಮ್ಮ ಪಾಡಿಗೆ ಸುತ್ತಿಕೊಂಡರೆ ಅದು ಮೋಡ. ಅಕ್ಕಪಕ್ಕದ ಹತ್ತಿಪ್ಪತ್ತು ಎಳೆಗಳು ಕೂಡಿ ಒಂದೇ ಸುರುಳಿಯಾದರೆ ಅದು ಗೊಂಚಲು. ಗೊಂಚಲು ಕಟ್ಟಿಸುವುದು ನೀರು. ನೀರು ಬಸಿಯುತ್ತಿರುವಾಗಲೇ ಜೆಲ್ ಹಚ್ಚಬೇಕು, ಆಮೇಲೆ ಒಣಗುವ ತನಕ ದೇವರು ಬಂದರೂ ಮುಟ್ಟಕೂಡದು.

ಸೋಮವಾರ ಅಮ್ಮ ಕೆಲಸಕ್ಕೆ ಹೊರಟ ಮೇಲೆ ಚಿಕ್ಕವಳನ್ನು ಬಚ್ಚಲಮನೆಯ ಸ್ಟೂಲಿನ ಮೇಲೆ ಕೂರಿಸಿ ಬಾಗಿಲು ಹಾಕಿಕೊಂಡಳು. ಅರ್ಧ ಬಾಟಲಿ ಕಂಡೀಷನರ್ ಸುರಿದು, ಅದು ತಲೆಯಲ್ಲಿರುವಾಗಲೇ ಬೆರಳಿನಿಂದ ಸಿಕ್ಕು ಬಿಡಿಸಿದಳು, ತುದಿಯಿಂದ ಶುರುಮಾಡಿ ಬುಡದ ಕಡೆಗೆ. ಒಂದು ಗಂಟೆ ಹಿಡಿಯಿತು. ಬಟ್ಟೆ ಒಣಹಾಕುವ ಕ್ಲಿಪ್ಪಿನಿಂದ ತಲೆಯನ್ನು ಎಂಟು ಪಾಲು ಮಾಡಿ, ಒಂದೊಂದು ಪಾಲಿಗೂ ಮತ್ತೆ ನೀರು, ಮೇಲೆ ಜೆಲ್. ಅಂಗೈಯಲ್ಲಿ ಕೂದಲನ್ನು ತುದಿಯಿಂದ ಮೇಲಕ್ಕೆ ಹಿಂಡಿದಾಗ ಪಚಕ್ ಪಚಕ್ ಎಂದು ಶಬ್ದ ಬರಬೇಕು. ಬಂತು. ಕಿರುಬೆರಳ ಗಾತ್ರದ ಗೊಂಚಲುಗಳು ಒಂದರ ಪಕ್ಕ ಒಂದು ಇಳಿಬಿದ್ದವು.

"ಕಪ್ಪೆ ನಡೆದ ಹಾಗಿದೆ ಸದ್ದು," ಎಂದಳು ಚಿಕ್ಕವಳು, ನೋಟ್ಸಿಗೆ ನೀರು ಬೀಳದಂತೆ ಎತ್ತಿ ಹಿಡಿದು.

"ಅಲ್ಲಾಡಬೇಡ."

ಒಂದು ಜಾಗ ಮಾತ್ರ ಮಾತು ಕೇಳಲಿಲ್ಲ. ಎಡಕಿವಿಯ ಹಿಂದೆ ಅಂಗೈಯಗಲ. ನೀರು ಹಾಕಿದರೂ ಜೆಲ್ ಹಚ್ಚಿದರೂ ಅಲ್ಲಿನ ಎಳೆಗಳು ಬಿಡಿಬಿಡಿಯಾಗಿ ಎದ್ದು ಕೂರುತ್ತಿದ್ದವು. ದೊಡ್ಡವಳು ಅದರ ಮೇಲೆ ಪಕ್ಕದ ಗೊಂಚಲುಗಳನ್ನು ಎಳೆದು ಮುಚ್ಚಿದಳು. ಎತ್ತಿ ನೋಡುವವರು ಯಾರು?

ಸಂಜೆ ಅಮ್ಮ ಬಂದಾಗ ಚಿಕ್ಕವಳ ತಲೆ ಒಣಗಿ ಗರಿಗರಿಯಾಗಿತ್ತು. ಜೆಲ್ ಒಣಗಿದರೆ ಹಾಗೆ. ಆಮೇಲೆ ಎಣ್ಣೆಯ ಎರಡು ಹನಿ ಕೈಗೆ ಸವರಿಕೊಂಡು ಹಿಂಡಿದರೆ ಗರಿ ಬಿಟ್ಟು ಮೆತ್ತಗಾಗುತ್ತದೆ.

ಅಮ್ಮ ಒಂದು ಗೊಂಚಲನ್ನು ಎರಡು ಬೆರಳಲ್ಲಿ ಹಿಡಿದಳು. "ಇದೇನೇ, ತಲೆಗೆ ಗಂಜಿ ಹಾಕಿದೀರಾ? ಸಿಕ್ಕು ಹೀಗೆ ಹಗ್ಗ ಆಗೋ ತನಕ ಬಿಡೋದಾ?"

"ಸಿಕ್ಕಲ್ಲಮ್ಮ ಅದು. ನಿನಗೆ ಗೊತ್ತಾಗಲ್ಲ ಬಿಡು."

ಅಮ್ಮ ಬಿಟ್ಟಳು. ಬಿಟ್ಟಳೆಂದು ದೊಡ್ಡವಳು ನಂಬಿದಳು. ಹಳೆಯ ಕೋಟಿನ ಅಸ್ತರು ಬಿಚ್ಚಿ ಹೊಲಿದ ನುಣುಪು ದಿಂಬಿನ ಚೀಲ ಹಾಕಿ, ಚಿಕ್ಕವಳ ಕೂದಲನ್ನೆಲ್ಲ ನೆತ್ತಿಗೆ ಎತ್ತಿ ಸಡಿಲವಾಗಿ ಕಟ್ಟಿ ಮಲಗಿಸಿದಳು.

ಮಂಗಳವಾರ ಬೆಳಿಗ್ಗೆ ಕಟ್ಟು ಬಿಚ್ಚಿದರೆ ಗೊಂಚಲುಗಳು ಎಲ್ಲಿದ್ದವೋ ಅಲ್ಲೇ ಇದ್ದವು. ದೊಡ್ಡವಳು ಹಾಡು ಗುನುಗುತ್ತಾ ಸ್ನಾನಕ್ಕೆ ಹೋದಳು. ಹೋಗುವಾಗ ಚಿಕ್ಕವಳು ಅಡುಗೆಮನೆಯ ಮೇಜಿನ ಮುಂದೆ ತಲೆ ಬಗ್ಗಿಸಿ ಕೂತು ಬ್ರೆಡ್ಡು ತಿನ್ನುತ್ತಾ ಏನನ್ನೋ ಬಾಯಿಪಾಠ ಮಾಡುತ್ತಿದ್ದಳು.

ಬರುವಾಗ ಅಮ್ಮ ಅವಳ ಹಿಂದೆ ನಿಂತಿದ್ದಳು. ಕೈಯಲ್ಲಿ ಬಾಚಣಿಗೆ. ಮುಖದಲ್ಲಿ ಅಂಥ ತೃಪ್ತಿಯನ್ನು ದೊಡ್ಡವಳು ವರ್ಷಗಳಿಂದ ಕಂಡಿರಲಿಲ್ಲ.

"ನೋಡೇ, ಇವತ್ತು ಎಷ್ಟು ಚೆನ್ನಾಗಿ ಇಳೀತಿದೆ! ಒಂದು ಸಲಾನೂ ಸಿಕ್ಕಲಿಲ್ಲ!"

ತಲೆಯ ಎಡ ಅರ್ಧ ಪೂರಾ ಹೋಗಿತ್ತು. ಬಲಗಡೆ ಗೊಂಚಲು, ಎಡಗಡೆ ಮೋಡ. ನಡುವೆ ಬೈತಲೆ, ಎರಡು ದೇಶದ ಗಡಿಯ ಹಾಗೆ.

ದೊಡ್ಡವಳು ಕಿರುಚಿದ ಸದ್ದಿಗೆ ಮೇಲಿನ ಮನೆಯವರು ಕಿಟಕಿ ತೆಗೆದರು.

"ನೀನ್ಯಾಕೆ ಸುಮ್ನೆ ಕೂತಿದ್ದೆ, ಕತ್ತೆ?"

"ನನಗೆ ಗೊತ್ತೇ ಆಗಲಿಲ್ಲ ಅಕ್ಕ!" ಚಿಕ್ಕವಳು ಎರಡೂ ಕೈಯಲ್ಲಿ ತಲೆ ಮುಟ್ಟಿ ನೋಡಿಕೊಂಡಳು. "ಇಷ್ಟು ವರ್ಷ ಬಾಚಿದ್ರೆ ಪ್ರಾಣ ಹೋಗೋದು. ಇವತ್ತು ನೋವೇ ಇಲ್ಲ. ಯಾರೋ ಫ್ಯಾನ್ ಹಾಕಿದಾರೆ ಅನ್ಕೊಂಡೆ."

ಅದು ನಿಜ. ಒಂದು ಗಂಟೆ ಕೂತು ಸಿಕ್ಕು ಬಿಡಿಸಿದ್ದು ಅಷ್ಟು ಚೆನ್ನಾಗಿ ಕೆಲಸ ಮಾಡಿತ್ತು. ದೊಡ್ಡವಳಿಗೆ ಅಳು ಬರಬೇಕಿತ್ತು, ಬರಲಿಲ್ಲ. ಬಸ್ಸಿಗೆ ಇಪ್ಪತ್ತು ನಿಮಿಷವಿತ್ತು.

"ಹೀಗೇ ಬಾ," ಎಂದಳು.

"ಹೀಗಾ? ಅರ್ಧ ಕುರಿ ಹಾಗೆ?"

"ಎರಡು ತಿಂಗಳು ಪಾತ್ರೆ."

ಅಮ್ಮ ಬಾಚಣಿಗೆ ಹಿಡಿದೇ ನಿಂತಿದ್ದಳು. "ಏನಾಯ್ತು ಅಂತ ಹೇಳಿದ್ರೆ ತಾನೆ ಗೊತ್ತಾಗೋದು," ಎಂದಳು. ಯಾರೂ ಹೇಳಲಿಲ್ಲ.

ಪಾರ್ಲರಿನಲ್ಲಿ ಚಿಕ್ಕವಳು ಮೂರನೇ ಕುರ್ಚಿಯಲ್ಲಿ ಕೂತಳು. ಬಣ್ಣ ಹಾಕುವವಳು ಬಂದು ಒಮ್ಮೆ ಬಲಗಡೆಯಿಂದ, ಒಮ್ಮೆ ಎಡಗಡೆಯಿಂದ ನೋಡಿದಳು. "ಮೊದಲು ಮತ್ತು ನಂತರ! ಇವಳನ್ನ ಬಾಗಿಲಲ್ಲಿ ನಿಲ್ಸಿದ್ರೆ ಬೋರ್ಡೇ ಬೇಡ."

ಮೇಡಂ ನಗಲಿಲ್ಲ. ಬಲಗಡೆಯ ಗೊಂಚಲುಗಳನ್ನು ಒಂದೊಂದಾಗಿ ಎತ್ತಿದರು, ಎಳೆದು ಬಿಟ್ಟರು, ಅದು ಹಿಂದಕ್ಕೆ ಸುತ್ತಿಕೊಳ್ಳುವುದನ್ನು ನೋಡಿದರು. ಕುರ್ಚಿ ಮೆಲ್ಲಗೆ ಇಳಿಯುತ್ತಿತ್ತು, ಅವರೂ ಅದರ ಜೊತೆಗೇ ಬಗ್ಗಿದರು.

"ಇದು ಕೆಲಸ. ಇದೇನು?" ಎಡಗಡೆ ತೋರಿಸಿದರು.

"ನಮ್ಮಮ್ಮ ಬಾಚಿಬಿಟ್ರು, ಮೇಡಂ."

"ಬಾಚಬಾರದು ಅಂತ ಅವರಿಗೆ ಹೇಳಿದ್ಯಾ?"

"ಇಲ್ಲ."

"ಯಾಕೆ?"

ದೊಡ್ಡವಳು ಎಡಗಡೆಯ ಮೋಡವನ್ನು ಅಂಗೈಯಿಂದ ಒತ್ತಿ ಕೂರಿಸಲು ನೋಡಿದಳು.

"ಇಲ್ಲಿಂದ ಎದ್ದು ಹೋಗೋ ಪ್ರತಿ ತಲೆಗೂ ಮನೇಲಿ ಒಬ್ಬಳು ಅಮ್ಮ ಇರ್ತಾಳೆ. ಅಮ್ಮ ಇಲ್ದಿದ್ರೆ ಅತ್ತೆ. ಅವಳ ಕೈ ನಿನ್ನ ಕೈಗಿಂತ ಹಳೇದು. ಅವಳಿಗೆ ಹೇಳಿ ಕಳಿಸದ ಕೆಲಸ ಒಂದು ರಾತ್ರಿ ಬಾಳಲ್ಲ," ಎಂದರು ಮೇಡಂ. ಆಮೇಲೆ ಎಡಕಿವಿಯ ಹಿಂದೆ ಕೈ ಹಾಕಿದರು. ಬಾಚಿದ ಮೋಡದಲ್ಲೂ ಆ ಜಾಗ ಬೇರೆಯಾಗಿ ಕಾಣುತ್ತಿತ್ತು, ಒರಟಾಗಿ, ಬೂದು ಬಣ್ಣಕ್ಕೆ ತಿರುಗಿ. "ಇದು ನಿಮ್ಮಮ್ಮ ಮಾಡಿದ್ದಲ್ಲ."

"ಅಲ್ಲಿ ಗೊಂಚಲು ಕಟ್ಟಲಿಲ್ಲ, ಮೇಡಂ."

"ಮುಚ್ಚಿದ್ದೆ."

"ಹೂಂ."

"ನಾಳೆ ಬೆಳಿಗ್ಗೆ ಇನ್ನೊಂದು ಸಲ ನೋಡ್ತೀನಿ, ಪೂರ್ತಿ ತಲೆ. ಮಧ್ಯಾಹ್ನ ಆ ಹುಡುಗಿ ಬರ್ತಾಳೆ. ಈಗ ಮನೆಗೆ ಹೋಗು."

ದೊಡ್ಡವಳು ಮನೆಗೆ ಹೋಗಲಿಲ್ಲ. ಚಿಕ್ಕವಳನ್ನು ಕಳಿಸಿ ತಾನು ಲಾಂಡ್ರಿಯ ಹಿಂಬಾಗಿಲಿಗೆ ಹೋದಳು. ಒಳಗೆ ಬಿಸಿ, ಹಬೆ, ಒದ್ದೆ ಹತ್ತಿಬಟ್ಟೆಯ ವಾಸನೆ. ಅಮ್ಮ ಉದ್ದ ಮೇಜಿನ ಮುಂದೆ ನಿಂತು ಅಂಗಿಯ ಕಾಲರು ತೀಡುತ್ತಿದ್ದಳು. ಮಗಳನ್ನು ಕಂಡರೂ ಇಸ್ತ್ರಿಪೆಟ್ಟಿಗೆ ನಿಲ್ಲಿಸಲಿಲ್ಲ.

"ಕೆಲಸ ಹೋಯ್ತಾ?"

"ಇನ್ನೂ ಇಲ್ಲ."

"ಒಂದು ತಲೆ ಬಾಚಿದ್ದಕ್ಕೆ ಕೆಲಸ ಹೋಗತ್ತೆ ಅಂದ್ರೆ ಅದೆಂಥಾ ಕೆಲಸಾನೋ."

ದೊಡ್ಡವಳು ಮಡಿಸಿದ ಬಟ್ಟೆಯ ಗಂಟಿನ ಮೇಲೆ ಕೂತಳು. ಕುರ್ಚಿಯಿಂದ ಶುರುಮಾಡಿ ಎಲ್ಲವನ್ನೂ ಹೇಳಿದಳು. ಗೊಂಚಲು ಎಂದರೇನು, ನೀರು ಯಾಕೆ, ಒಣಗಿದ ಮೇಲೆ ಬಾಚಿದರೆ ಏನಾಗುತ್ತದೆ, ಮಾರನೇ ದಿನ ನೋಡುವುದು ಯಾಕೆ. ಹೇಳಲು ಏಳೆಂಟು ನಿಮಿಷ ಸಾಕಾಯಿತು. ಎರಡು ತಿಂಗಳು ಬಾಯಿ ಬಿಡದೆ ಇದ್ದಿದ್ದು ಈ ಏಳೆಂಟು ನಿಮಿಷಕ್ಕೆ. ಅಮ್ಮ ಅಷ್ಟರಲ್ಲಿ ಮೂರು ಅಂಗಿ ಮುಗಿಸಿದಳು.

"ಹಾಗಾದ್ರೆ ಅದು ಸಿಕ್ಕಲ್ಲ. ಮಡಿಕೆ," ಎಂದಳು.

"ಅಂದ್ರೆ?"

"ಸುಕ್ಕು ಬೇರೆ, ಮಡಿಕೆ ಬೇರೆ. ಸುಕ್ಕು ತಾನಾಗೇ ಬೀಳತ್ತೆ. ಮಡಿಕೆ ನಾವು ಬೇಕು ಅಂತ ಕೂರಿಸೋದು. ಯಾರಾದ್ರೂ ನಾನು ಕೂರಿಸಿದ ಮಡಿಕೆ ಬಿಚ್ಚಿದ್ರೆ ಅವರ ಕೈ ಮುರೀತೀನಿ." ಅಂಗಿ ಮಡಿಸಿಟ್ಟು, "ಮೊದಲೇ ಬೊಗಳಿದ್ರೆ ಆಗ್ತಿರಲಿಲ್ವಾ?" ಎಂದಳು.

"ತಪ್ಪಾಯ್ತು. ಆದ್ರೆ ಎಡಕಿವಿ ಹಿಂದೆ ಒಂದು ಕಡೆ ಏನು ಮಾಡಿದ್ರೂ ಕೂರಲ್ಲ. ಅದೇ ತೊಂದರೆ."

ಅಮ್ಮ ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿದಳು. "ಆ ಜಾಗಾನಾ? ಅದು ಹುಟ್ಟಿದಾಗಿಂದ ಹಾಗೇ. ಅದು ನೀರು ಕುಡಿಯಲ್ಲ. ಇಡೀ ತಲೆ ನೆಂದು ತೊಟ್ಟಿಕ್ಕುತ್ತಿದ್ರೂ ಅಲ್ಲಿ ಬೆರಳು ತೂರಿಸಿ ನೋಡು, ಒಳಗೆ ಒಣಗಿರತ್ತೆ. ಸ್ಕೂಲಿಗೆ ಹೋಗೋವಾಗ ಜಡೆ ಹಾಕೋಕೆ ಮುಂಚೆ ಬಿಸಿನೀರಿನ ಬಟ್ಟೆ ಮೊದಲು ಅಲ್ಲಿಗೆ ಇಡ್ತಿದ್ದೆ. ನೀನು ಶೂ ಹಾಕ್ಕೊಳ್ಳೋ ಹೊತ್ತಿಗೆ ನೆನೀತಿತ್ತು."

ದೊಡ್ಡವಳು ಅಮ್ಮನ ಕೈ ನೋಡಿದಳು. ದಿನಾ ಬೆಳಿಗ್ಗೆ ಹನ್ನೆರಡು ವರ್ಷ ಆ ತಲೆ ಹಿಡಿದ ಕೈ ಅದು.

"ಇಲ್ಲಿ ನೋಡು." ಅಮ್ಮ ಮೇಜಿನ ಕೆಳಗಿನ ಬುಟ್ಟಿ ಎಳೆದಳು. ಅದರಲ್ಲಿ ನೀರು ಚಿಮುಕಿಸಿ ಬಿಗಿಯಾಗಿ ಸುತ್ತಿಟ್ಟ ದಪ್ಪ ಹತ್ತಿಯ ಬಟ್ಟೆಗಳಿದ್ದವು. "ಚಿಮುಕಿಸಿದ ತಕ್ಷಣ ಇಸ್ತ್ರಿ ಹಾಕಿದ್ರೆ ಮೇಲೆ ಒದ್ದೆ, ಒಳಗೆ ಒಣಕಲು. ಮಡಿಕೆ ಕೂರಲ್ಲ. ಸುತ್ತಿ ಅರ್ಧ ಗಂಟೆ ಬಿಡ್ತೀವಿ, ನೀರು ಒಳಗಿಳೀಲಿ ಅಂತ. ನೀನು ಎರಡು ವರ್ಷದಿಂದ ಕಂಡೋರ ತಲೆ ತೊಳೀತೀಯ, ಇಷ್ಟೂ ಗೊತ್ತಿಲ್ವಾ?"

"ಗೊತ್ತಿಲ್ಲ," ಎಂದಳು ದೊಡ್ಡವಳು. ಗೊತ್ತಿರಲಿಲ್ಲ.

ಅವತ್ತು ಅಮ್ಮ ಮಧ್ಯಾಹ್ನವೇ ರಜೆ ಹೇಳಿ ಬಂದಳು. ಮೂವರೂ ಬಚ್ಚಲಮನೆಯಲ್ಲಿ ತುರುಕಿಕೊಂಡರು. ಈ ಸಲ ಬಾಗಿಲು ಹಾಕಲು ಜಾಗವೇ ಇರಲಿಲ್ಲ. ಮೊದಲು ಎಡಕಿವಿಯ ಹಿಂದೆ, ತಡೆಯುವಷ್ಟು ಬಿಸಿನೀರಲ್ಲಿ ಅದ್ದಿದ ಬಟ್ಟೆ, ಅದರ ಮೇಲೊಂದು ಪ್ಲಾಸ್ಟಿಕ್ ಚೀಲ. ಅರ್ಧ ಗಂಟೆ. ಚಿಕ್ಕವಳು ಒಂದು ಕಿವಿಗೆ ಪೊಟ್ಟಣ ಕಟ್ಟಿದವಳ ಹಾಗೆ ಕೂತು ನೋಟ್ಸ್ ತಿರುವಿದಳು. ಬಟ್ಟೆ ತೆಗೆದು ಅಮ್ಮ ಒಳಗೆ ಬೆರಳು ತೂರಿಸಿದಳು. "ಈಗ ನೆಂದಿದೆ. ಹಾಕು."

ದೊಡ್ಡವಳು ಆ ಜಾಗವನ್ನು ಮೂರು ಸಣ್ಣ ಪಾಲು ಮಾಡಿ ಜೆಲ್ ಹಚ್ಚಿ ಹಿಂಡಿದಳು. ಪಚಕ್. ಎಳೆಗಳು ಒಂದನ್ನೊಂದು ಹುಡುಕಿಕೊಂಡು ಸೇರಿದವು. ಪಕ್ಕದ ಗೊಂಚಲುಗಳಷ್ಟು ದಪ್ಪವಿಲ್ಲ, ಬೆಂಕಿಕಡ್ಡಿಯಷ್ಟು. ಆದರೂ ಗೊಂಚಲೇ.

"ನಾನೊಂದು ಮಾಡಲಾ?" ಎಂದಳು ಅಮ್ಮ.

"ಬಾಚಣಿಗೆ ಕೆಳಗಿಡು ಮೊದಲು."

ಅಮ್ಮ ಸೊಂಟದಲ್ಲಿ ಸಿಕ್ಕಿಸಿದ್ದ ಬಾಚಣಿಗೆ ತೆಗೆದು ಬಕೆಟ್ಟಿನ ಹಿಂದೆ ಇಟ್ಟಳು. ಅದು ಅಲ್ಲಿದ್ದಿದ್ದು ಅವಳಿಗೇ ಗೊತ್ತಿರಲಿಲ್ಲ. ನೆತ್ತಿಯ ಎರಡು ಪಾಲು ಅವಳೇ ಮಾಡಿದಳು. ಅವಳು ಹಿಂಡಿದ್ದು ಸ್ವಲ್ಪ ಜಾಸ್ತಿ ಬಿಗಿ. ದೊಡ್ಡವಳು ಅದನ್ನು ಮತ್ತೆ ಒದ್ದೆ ಮಾಡಿ ಸಡಿಲಿಸಿದಳು. ಅಮ್ಮ ಮುಖ ಗಂಟಿಕ್ಕಿದಳು, ಆದರೆ ನೋಡಿಕೊಂಡಳು.

ಬುಧವಾರ ಬೆಳಿಗ್ಗೆ ಚಿಕ್ಕವಳು ಅದೇ ಮೇಜಿನ ಮುಂದೆ ಅದೇ ರೀತಿ ತಲೆ ಬಗ್ಗಿಸಿ ಕೂತಿದ್ದಳು. ದೊಡ್ಡವಳು ಸ್ನಾನಕ್ಕೆ ಹೋಗಲು ಹಿಂದೆಮುಂದೆ ನೋಡಿದಳು.

"ಹೋಗೇ, ನಾನೇನು ತಿಂದುಬಿಡ್ತೀನಾ?" ಎಂದಳು ಅಮ್ಮ. ಅವಳ ಕೈಗಳು ಮಾತ್ರ ಸೆರಗಿನ ತುದಿಯನ್ನು ತೀಡುತ್ತಿದ್ದವು, ಬಿಡುತ್ತಿದ್ದವು, ಮತ್ತೆ ತೀಡುತ್ತಿದ್ದವು.

ದೊಡ್ಡವಳು ಐದೇ ನಿಮಿಷದಲ್ಲಿ ಓಡಿಬಂದಳು. ಚಿಕ್ಕವಳ ತಲೆ ಹಾಗೇ ಇತ್ತು. ಮೇಜಿನ ಇನ್ನೊಂದು ತುದಿಯಲ್ಲಿ ಅಪ್ಪ ಚಹಾ ಲೋಟ ಹಿಡಿದು ಕಲ್ಲಿನ ಹಾಗೆ ಕೂತಿದ್ದ. ಅಮ್ಮ ಹಿಂದೆ ನಿಂತು ಅವನ ತಲೆಯ ಅಂಚಿಗೆ ಉಳಿದಿದ್ದ ಕೂದಲನ್ನು ನೀರು ಹಚ್ಚಿ ಬಾಚುತ್ತಿದ್ದಳು, ಬಲು ಶ್ರದ್ಧೆಯಿಂದ.

"ಇದ್ದಕ್ಕಿದ್ದ ಹಾಗೆ ನನಗ್ಯಾಕೆ ಈ ಉಪಚಾರ?" ಎಂದ ಅಪ್ಪ.

"ಸುಮ್ನೆ ಕೂತ್ಕೊಳ್ರೀ. ಕೈ ತುರಿಸ್ತಿದೆ."

ಪಾರ್ಲರಿನಲ್ಲಿ ಮೇಡಂ ಹತ್ತು ನಿಮಿಷ ತಲೆ ನೋಡಿದರು. ಬಲ, ಎಡ, ನೆತ್ತಿ, ಕತ್ತು. ಕೊನೆಗೆ ನೇರವಾಗಿ ಎಡಕಿವಿಯ ಹಿಂದೆ ಕೈಹಾಕಿ ಮೇಲಿನ ಗೊಂಚಲುಗಳನ್ನು ಎತ್ತಿದರು. ಬೆಂಕಿಕಡ್ಡಿ ಗಾತ್ರದ ಸುರುಳಿಗಳು ಸಾಲಾಗಿ ಕೂತಿದ್ದವು. ಒಂದನ್ನು ಎಳೆದು ಬಿಟ್ಟರು. ಅದು ಹಿಂದಕ್ಕೆ ಹೋಯಿತು.

"ಇದು ಹೇಗೆ ಬಂತು?"

"ಮೊದಲು ಅಲ್ಲಿಗೇ ಬಿಸಿನೀರ ಬಟ್ಟೆ ಅರ್ಧ ಗಂಟೆ ಸುತ್ತಿಟ್ವಿ, ಮೇಡಂ. ಆ ಜಾಗ ನಿಧಾನಕ್ಕೆ ನೆನೆಯುತ್ತೆ."

"ಯಾರು ಹೇಳಿದ್ದು?"

"ನಮ್ಮಮ್ಮ. ಇಸ್ತ್ರಿ ಕೆಲಸ ಅವರದ್ದು."

"ಬಾಚಿದವರೇ?"

"ಬಾಚಿದವರೇ."

ಮೇಡಂ ನೆತ್ತಿಯ ಮೇಲೆ ಬೆರಳಿಟ್ಟರು. "ಇಲ್ಲೆರಡು ಪಾಲು ಬೇರೆ ಕೈಯದ್ದು. ಹಿಂಡಿದ್ದು ಬಿಗಿಯಾಗಿದೆ."

"ಅದೂ ಅಮ್ಮನೇ, ಮೇಡಂ. ನಾನು ಸಡಿಲ ಮಾಡಿದ್ದೆ."

"ಸಾಲದು." ಮೇಡಂ ಕೈ ಒರೆಸಿಕೊಂಡರು. ಗಲ್ಲಾದ ಮೇಲಿದ್ದ ಫೋನು ತೆಗೆದು, ಕಿವಿಗಿಟ್ಟು, "ಮಧ್ಯಾಹ್ನ ಬರೋದು ಬೇಡಮ್ಮ, ಜಾಗ ತುಂಬಿದೆ," ಎಂದರು. ಇಟ್ಟ ಮೇಲೆ ದೊಡ್ಡವಳ ಕಡೆ ತಿರುಗಿ, "ಮೂರು ತಿಂಗಳು ನೋಡ್ತೀನಿ. ಗುಂಗುರಿನವರು ಬಂದ್ರೆ ಜೊತೇಲಿ ಮನೆಯವರೊಬ್ಬರನ್ನ ಕರ್ಕೊಂಡು ಬರೋಕೆ ಹೇಳು. ಪಕ್ಕದಲ್ಲಿ ಒಂದು ಸ್ಟೂಲ್ ಹಾಕು. ಬೇಸಿನ್ ಕೆಲಸಕ್ಕೆ ಬೇರೆಯವರು ಸಿಗೋ ತನಕ ಅದೂ ನಿಂದೇ," ಎಂದರು.

"ಆಗಲಿ, ಮೇಡಂ."

ಬಣ್ಣ ಹಾಕುವವಳು ಒಳಗಿನಿಂದ ಕೂಗಿದಳು: "ಹೊಸ ಕುರ್ಚಿಯಮ್ಮ, ಇಲ್ಲೊಂದು ತಲೆ ತೊಳೆಯೋದಿದೆ, ದಯಮಾಡಿಸಬೇಕು!"

"ಬಂದೆ," ಎಂದಳು ದೊಡ್ಡವಳು.

ಚಿಕ್ಕವಳು ಕುರ್ಚಿಯಲ್ಲೇ ಕೂತು ಕನ್ನಡಿಯಲ್ಲಿ ತನ್ನ ತಲೆಯನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿಕೊಳ್ಳುತ್ತಿದ್ದಳು. ಕುರ್ಚಿ ಇಳಿದು ಇಳಿದು ಅವಳ ಗಲ್ಲ ಕನ್ನಡಿಯ ಕೆಳಗಿನ ಹಲಗೆಯ ಮಟ್ಟಕ್ಕೆ ಬಂದಿತ್ತು.

"ಎರಡು ತಿಂಗಳು ಪಾತ್ರೆ, ನೆನಪಿದೆ ತಾನೆ?" ಎಂದಳು.

ದೊಡ್ಡವಳು ಹೋಗುತ್ತಾ ಕಾಲಿನಿಂದ ಪೆಡಲ್ ಒತ್ತಿ ಅವಳನ್ನು ಮೇಲಕ್ಕೆ ಏರಿಸಿದಳು. "ತಲೆ ಮುಟ್ಟಬೇಡ," ಎಂದಳು.